ಪಟ್ಟಿಯ ಏಳನೆಯ ಸಾಲು

ಕೆಲವು ವರ್ಷಗಳ ಹಿಂದೆ, ನಾನು ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದಾಗ, ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತಿದ್ದ ಯುವಕನೊಬ್ಬ ಸಂಜೆಯ ಹೊತ್ತು ಮನೆಗೆ ಬಂದ. ಕೈಯಲ್ಲಿ ಕರಪತ್ರದ ಕರಡು ಇತ್ತು. "ಗುರುಗಳೇ, ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿಕೊಡಿ" ಎಂದ. ಗೆದ್ದರೆ ಮಾಡುವ ಏಳು ಕೆಲಸಗಳನ್ನು ಅನುಕ್ರಮವಾಗಿ ಬರೆದಿದ್ದ. ಮೊದಲನೆಯದು ಮುಖ್ಯ ಬೀದಿಗೆ ಕಾಂಕ್ರೀಟು; ಎರಡನೆಯದು ನಮ್ಮ ಸಮಾಧಿ ಭೂಮಿಗೆ ಸುತ್ತುಗೋಡೆ. ಬಸ್ ನಿಲ್ದಾಣದ ದೀಪ, ಚರಂಡಿ ಮುಂತಾದವು ಅನಂತರ. ಏಳನೆಯದು, ಕೆರೆಯಾಚೆಯ ಕೇರಿಗೆ ಕುಡಿಯುವ ನೀರು.

ಆ ಕೇರಿಯ ಹೆಣ್ಣುಮಕ್ಕಳು ಕೊಡ ಹೊತ್ತು ಕೆರೆಯ ಏರಿಯ ಮೇಲೆ ಬರುವುದನ್ನು ಬೆಳಗಿನ ಬಲಿಪೂಜೆಯ ಗಂಟೆ ಬಾರಿಸುವ ವೇಳೆಗೆ ನಾನು ದಿನವೂ ಕಾಣುತ್ತಿದ್ದೆ. ನೀರು ಏಕೆ ಕೊನೆಗೆ ಹೋಯಿತೆಂದು ಕೇಳಿದೆ. ಅವನು ಮುಚ್ಚುಮರೆಯಿಲ್ಲದೆ ಹೇಳಿದ: "ಅಲ್ಲಿರುವುದು ಇಪ್ಪತ್ತು ಮನೆ. ಅರ್ಧ ಜನ ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ, ಮತಕ್ಕೆ ಬರುತ್ತಾರೋ ಇಲ್ಲವೋ. ಮುಖ್ಯ ಬೀದಿಯವರು ಕೈಬಿಟ್ಟರೆ ನಾನು ಸೋತೆ. ಸೋತವನು ಯಾರಿಗೆ ನೀರು ಕೊಡಿಸಬಲ್ಲ?"

ಇದು ಸುಲಭವಾಗಿ ತಳ್ಳಿಹಾಕಬಹುದಾದ ಮಾತಲ್ಲ. ಜನಪ್ರತಿನಿಧಿ ತನ್ನ ವಿವೇಚನೆಯನ್ನು ಮತದಾರರ ಅಭಿಪ್ರಾಯಕ್ಕೆ ಬಲಿಕೊಡಬಾರದೆಂದು ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ನಗರದ ಮತದಾರರ ಮುಂದೆಯೇ ವಾದಿಸಿದ. 1780ರಲ್ಲಿ ಅದೇ ನಗರದಲ್ಲಿ ಬೆಂಬಲ ಕಳೆದುಕೊಂಡು ಸ್ಪರ್ಧೆಯಿಂದ ಹಿಂದೆ ಸರಿದ. ಅಷ್ಟು ದೊಡ್ಡವನಿಗೇ ಹಾಗಾದರೆ ನಮ್ಮ ಹಳ್ಳಿಯ ಹುಡುಗನ ಪಾಡೇನು? ಕರ್ನಾಟಕದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಹತ್ತಾರು ಮತಗಳೇ ಗೆಲುವು ಸೋಲನ್ನು ನಿರ್ಧರಿಸುತ್ತವೆ. ಈ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದೂ ಇಲ್ಲ. ಪಕ್ಷದ ಪ್ರಣಾಳಿಕೆಯ ಮರೆಯಿಲ್ಲದ ಅಭ್ಯರ್ಥಿ ಬರೆದುಕೊಟ್ಟದ್ದು ಅವನ ಸ್ವಂತ ಮಾತು. ಆದುದರಿಂದಲೇ ಅದರ ಭಾರ ಹೆಚ್ಚು. (ಆಸ್ಪತ್ರೆ, ಕಾಲೇಜು ತರುತ್ತೇನೆಂದು ಸದಸ್ಯನ ಅಧಿಕಾರಕ್ಕೆ ಮೀರಿದ್ದನ್ನು ಬರೆಯುವವರ ಸಂಗತಿ ಬೇರೆ. ಈ ಯುವಕ ಹಾಗೆ ಮಾಡಿರಲಿಲ್ಲ.)

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರವನ್ನು ಕಂಠಪಾಠ ಮಾಡಿದ್ದೆವು: ಕಾನೂನು ಇರುವುದು ಸರ್ವರ ಹಿತಕ್ಕಾಗಿ. ಸರ್ವರ ಹಿತವೆಂದರೆ ಎಲ್ಲರ ಬೇಡಿಕೆಗಳನ್ನು ಕೂಡಿಸಿ ಬರುವ ಮೊತ್ತವಲ್ಲ ಎಂಬುದು ನನಗೆ ಅರ್ಥವಾಗಲು ಆ ಕರಪತ್ರ ಬೇಕಾಯಿತು. ಕೂಡಿಸುವ ಲೆಕ್ಕದಲ್ಲಿ ನೂರು ಮನೆಯ ಅನುಕೂಲ ಇಪ್ಪತ್ತು ಮನೆಯ ಬಾಯಾರಿಕೆಗಿಂತ ಯಾವಾಗಲೂ ದೊಡ್ಡದೇ. ಅಗತ್ಯದ ಲೆಕ್ಕವೇ ಬೇರೆ. ಬೀದಿಗೆ ಕಾಂಕ್ರೀಟು ಇಲ್ಲದಿದ್ದರೆ ಕಾಲಿಗೆ ಕೆಸರು ತಾಗುತ್ತದೆ. ನೀರಿಲ್ಲದಿದ್ದರೆ ಒಂದು ಹುಡುಗಿಯ ಶಾಲೆಯೇ ತಪ್ಪುತ್ತದೆ.

ಬಹುಮತದ ಒಪ್ಪಿಗೆಯೊಂದೇ ಸಾಕೆಂದರೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದನ್ನು 2020ರ ಡಿಸೆಂಬರ್‌ನ ಪಂಚಾಯಿತಿ ಚುನಾವಣೆ ತೋರಿಸಿತು. ಆಗ ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಂದ ಹಣ ಊರಿನ ಕೆಲಸಕ್ಕೆ, ದೇವರ ಕೆಲಸಕ್ಕೆ ಎಂಬ ಸಮರ್ಥನೆಯೂ ಬಂತು. ಹರಾಜು ಕಟ್ಟೆಯ ಮೇಲೆ ದನಿ ಇಲ್ಲದವನಿಗೆ ಇದ್ದ ಒಂದೇ ಆಸ್ತಿ ಆ ಗುಟ್ಟಿನ ಮತ. ಅದೂ ಹೋಯಿತು.

ನಮ್ಮ ನಾಡಿನಲ್ಲೇ ಇದಕ್ಕೆ ವಿರುದ್ಧವಾದ ನಿದರ್ಶನವಿದೆ. 1983ರ ಪಂಚಾಯತ್ ಕಾಯಿದೆಯ ರೂವಾರಿ ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಯಿಸಿದರು. ಅಧಿಕಾರವನ್ನು ಹಳ್ಳಿಗೆ ಕೊಡಬೇಕೆಂದು ಹೋರಾಡಿದವರನ್ನು ಜನ ನೆನೆಯುವುದು ನೀರಿನ ಹೆಸರಿನಲ್ಲಿ: ನೀರ್ ಸಾಬ್.

ಇಷ್ಟೆಲ್ಲ ಈಗ ಬರೆಯುತ್ತಿದ್ದೇನೆ. ಆ ಸಂಜೆ ನಾನು ಮಾಡಿದ್ದು ಕಾಗುಣಿತ ತಿದ್ದಿದ್ದಷ್ಟೇ. ಎರಡನೆಯ ಸಾಲು ನನ್ನದೇ ಬೇಡಿಕೆಯಾಗಿತ್ತು; ಹಿಂದಿನ ತಿಂಗಳು ಅವನ ಬಳಿ ಅದನ್ನು ಪ್ರಸ್ತಾಪಿಸಿದವನೂ ನಾನೇ. ಅದನ್ನು ಏಳಕ್ಕೆ ಇಳಿಸು ಎನ್ನಲು ನಾಲಿಗೆ ಏಳಲಿಲ್ಲ. ಅಭ್ಯರ್ಥಿಗಳ ಸ್ವಾರ್ಥದ ಕುರಿತು ಪ್ರಬೋಧನೆ ಮಾಡುವ ನಾವು, ಅವರ ಪಟ್ಟಿಯ ಅನುಕ್ರಮವನ್ನು ಬರೆಯುವ ಕೈಗಳಲ್ಲಿ ನಮ್ಮದೂ ಒಂದಿರುವುದನ್ನು ಗಮನಿಸುವುದಿಲ್ಲ.

ಯುವಕ ಗೆದ್ದ. ಮುಂದಿನ ಗ್ರಾಮಸಭೆಗೆ ನಾನು ಹೋದೆ. ಸುತ್ತುಗೋಡೆ ಕಾಯಬಹುದು, ಕೇರಿಯ ನೀರನ್ನು ಮೊದಲು ತೆಗೆದುಕೊಳ್ಳಿ ಎಂದೆ. ಸಭೆ ಒಪ್ಪಿತು, ಮುಂದಿನ ಬೇಸಿಗೆಯ ವೇಳೆಗೆ ಕೇರಿಗೆ ಒಂದು ನಲ್ಲಿ ಬಂತು, ಇಪ್ಪತ್ತು ಮನೆಗೂ ಅದೊಂದೇ. ಹೊರಗೆ ಬಂದಾಗ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ನನ್ನನ್ನು ತಡೆದು, "ನಮ್ಮ ಸತ್ತವರ ಮೇಲೆ ದನ ಓಡಾಡುವುದು ನಿಮಗೆ ಕಾಣುವುದಿಲ್ಲವೇ, ಫಾದರ್?" ಎಂದು ಕೇಳಿದರು. ಹಿಂದಿನ ವರ್ಷವಷ್ಟೇ ಅವರ ಹೆಂಡತಿಯನ್ನು ಅಲ್ಲಿ ಮಣ್ಣು ಮಾಡಿದ್ದೆವು. ನಾನು ಆ ಊರು ಬಿಡುವವರೆಗೂ ಅವರು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.