ಬನ್ನಿಯ ಮರವೂ ಬಾಲಕರ ಪತ್ರಿಕೆಯೂ

ವಿಜಯದಶಮಿಯಂದು ಮೈಸೂರಿನ ಅರಮನೆಯಿಂದ ಹೊರಟ ಜಂಬೂಸವಾರಿಯು ಬನ್ನಿಮಂಟಪವನ್ನು ಸೇರುವುದು ಸರ್ವವಿದಿತ. ಅಲ್ಲಿ ಪೂಜೆಗೊಳ್ಳುವ ಶಮೀವೃಕ್ಷದೊಡನೆ ಪಾಂಡವರ ಆಯುಧಗಳ ಸ್ಮರಣೆ ಬೆರೆತಿದೆ. ಆ ಕಥೆಯ ಒಂದಂಶ ಮಾತ್ರ ಅಷ್ಟಾಗಿ ಲಕ್ಷ್ಯಕ್ಕೆ ಬರುವುದಿಲ್ಲ. ಆಯುಧಗಳನ್ನು ಅಡಗಿಸಿದವರು ಹಿರಿಯರು. ಮರವನ್ನೇರಿ ಇಳಿಸಿದವನು ಎಳೆಯನಾದ ಉತ್ತರಕುಮಾರ. ಹಿರಿಯರ ಆಯುಧಗಳನ್ನು ಎಳೆಯರ ಕೈಯಿಂದ ಇಳಿಸಿಕೊಳ್ಳುವುದು ಧರ್ಮವೆ?

ಇದಕ್ಕೆ ಫ್ರಾನ್ಸಿನ ಬ್ರಿಟನಿ ಸೀಮೆಯಲ್ಲೊಂದು ದೃಷ್ಟಾಂತವುಂಟು. ಬ್ರೆಟನ್ ನುಡಿಯಾಡಿದ ಮಗುವಿನ ಕೊರಳಿಗೆ ಶಾಲೆಯಲ್ಲಿ ಅವಮಾನದ ಗುರುತನ್ನು ತೂಗಹಾಕುತ್ತಿದ್ದ ನಾಡು ಅದು. ಅಲ್ಲಿನ ಲಾಂಡೆರ್ನೋ ಪಟ್ಟಣದಲ್ಲಿ 1940ರಲ್ಲಿ ಕವಿಸ್ಸಾಂ ಸಹೋದರರು ‘ಓಲೊಲೆ’ ಎಂಬ ಮಕ್ಕಳ ಪತ್ರಿಕೆಯನ್ನು ತೆಗೆದರು. ನಾಡಿನ ವೀರರು, ಸಂತರು, ಚಿತ್ರಕಥೆಗಳು—ಇವು ಮಗುವಿಗೆ ಕಳೆದ ಮಾನವನ್ನು ಮರಳಿ ಕೊಡತಕ್ಕವೇ. ಆದರೆ ಆಗ ಆ ಸೀಮೆ ಜರ್ಮನರ ವಶದಲ್ಲಿತ್ತು. ಅವರ ಸಮ್ಮತಿಯಿಲ್ಲದೆ ಬಹಿರಂಗವಾಗಿ ಪತ್ರಿಕೆಯೊಂದು ಹೊರಡುವಂತಿರಲಿಲ್ಲ. ಪತ್ರಿಕೆಯು ಮಾರ್ಷಲ್ ಪೆತಾಂ ಆಳ್ವಿಕೆಯ ಕಡೆಗೂ ಒಲಿದಿತ್ತು. ನಾಡಿನ ಒಲವಿನೊಡನೆ ಈ ವಿಧೇಯತೆಯೂ ಒಂದೇ ಪುಟದಲ್ಲಿ ಮಗುವಿನ ಕೈಸೇರಿತು. 1944ರಲ್ಲಿ ಪತ್ರಿಕೆ ನಿಂತಿತು.

ತತ್ತ್ವವಿಲ್ಲದ ಬಾಲಸಾಹಿತ್ಯವೆಲ್ಲಿದೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಸಾಧುವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಕನ್ನಡ ಮಕ್ಕಳು ಮರಾಠಿಯಲ್ಲಿ ಓದಬೇಕಾಗಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಅದೂ ಒಂದು ಪಕ್ಷವೇ. ಆದರೆ ಶಾಲೆಯೂ ಪುಸ್ತಕವೂ ಮಗುವಿಗೆ ಕೊಟ್ಟದ್ದು ಅದರದೇ ಆದ ನುಡಿ. ಆ ನುಡಿಯಲ್ಲಿ ಕೊಟ್ಟವರನ್ನೇ ಪ್ರಶ್ನಿಸುವ ಶಕ್ತಿ ಅಡಗಿದೆ.

ಭೇದವಿರುವುದು ಇಲ್ಲಿಯೇ. ಉತ್ತರನು ಒಂದೊಂದು ಆಯುಧವನ್ನೂ ತೋರಿಸಿ, ಇದು ಯಾರದೆಂದು ಕೇಳಿದನು. ಅರ್ಜುನನು ಒಂದೊಂದಕ್ಕೂ ನಿಜವನ್ನು ಹೇಳಿದನು. ಲಾಂಡೆರ್ನೋವಿನ ಮಗು ಅದೇ ಪ್ರಶ್ನೆಯನ್ನು ಕೇಳಿದ್ದರೆ, ಪರರ ಅನುಜ್ಞೆಯಿಂದ ನಡೆಯುವ ಪತ್ರಿಕೆ ಅದಕ್ಕೆ ಉತ್ತರವನ್ನು ಅಚ್ಚಿಸುವಂತಿರಲಿಲ್ಲ. ನೊಂದವರ ನೋವು ನಿಜವಾಗಿದ್ದರೂ, ಮಗುವಿಗೆ ಮುಚ್ಚಿಟ್ಟ ಒಡೆತನವು ವಂಚನೆಯೇ ಸರಿ.

ನಿಜವನ್ನು ಹೇಳಿದೊಡನೆ ಹಿರಿಯರ ಹೊಣೆ ತೀರುವುದೂ ಇಲ್ಲ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಶಕ್ತ್ಯಾಯುಧಕ್ಕೆ ಉತ್ತರನು ಬಲಿಯಾದನು. ಮರವೇರಿದ ಹುಡುಗನು ಯುದ್ಧದ ಎರಡನೆಯ ದಿನವನ್ನು ಕಾಣಲಿಲ್ಲ.