ಎಣ್ಣೆ ಹಚ್ಚೋರು ಯಾರು?

ಮರದ ಕೆತ್ತನೆಗೆ ಎಣ್ಣೆ ಹಚ್ಚೋದಾ, ಪಿಯು ಪಾಲಿಶ್ ಹೊಡೆಸೋದಾ ಅಂತ ಕೇಳಿದರೆ ನಮ್ಮಂಥ ಬೆಂಗಳೂರಿನವರು ಥಟ್ಟನೆ ಎಣ್ಣೆ ಅಂತೀವಿ. ಸಹಜವಾದದ್ದು, ಅಜ್ಜನ ಕಾಲದ್ದು. ಆದರೆ ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಎಣ್ಣೆಯ ಪರ ಹೇಳೋಕೆ ಬೇಕಾದಷ್ಟಿದೆ. ಪಿಯು ಮರದ ಮೇಲೆ ಪ್ಲಾಸ್ಟಿಕ್‌ನಂಥ ಪದರ ಕಟ್ಟುತ್ತೆ. ದಪ್ಪಗಾದರೆ ಸಂದುಗಳಲ್ಲಿ ನಿಂತು ಉಳಿಯ ಗುರುತು ಮುಚ್ಚುತ್ತೆ. ಪದರ ಎದ್ದರೆ ಉಜ್ಜಿ ತೆಗೀಬೇಕು, ಜೊತೆಗೆ ಹೂವಿನ ಎಸಳೂ ಸವೆಯುತ್ತೆ. ಅಗಸೆ ಎಣ್ಣೆ ಮರದೊಳಗೆ ಇಳಿಯುತ್ತೆ. ಮಾಸಿದ ಕಡೆ ಮತ್ತೆ ಹಚ್ಚಿದರಾಯ್ತು. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಅದು ಒಣಗೋದೇ ಇಲ್ಲ, ಧೂಳು ಹಿಡಿಯುತ್ತೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ. ಹಸಿಯದಕ್ಕೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಅಂಗಡಿಯ ‘ಬಾಯ್ಲ್ಡ್’ ಎಣ್ಣೆಗೆ ಬೇಗ ಒಣಗಲಿ ಅಂತ ಸಾಮಾನ್ಯವಾಗಿ ಲೋಹದ ಲವಣ ಸೇರಿಸಿರ್ತಾರೆ. ತೆಳುವಾಗಿ ಹಚ್ಚಿ, 15-20 ನಿಮಿಷ ಬಿಟ್ಟು, ಮಿಕ್ಕಿದ್ದನ್ನ ಸಂದುಗಳಿಂದಲೂ ಒರೆಸಬೇಕು. ಇಲ್ಲಾಂದ್ರೆ ಅಂಟಂಟಾಗುತ್ತೆ.

ಅಂದರೆ ಎಣ್ಣೆ ಒಂದೇ ಸಲಕ್ಕೆ ಮುಗಿಯೋ ಕೆಲಸ ಅಲ್ಲ. ಮತ್ತೆ ಬರ್ತೀನಿ ಅಂತ ಮರಕ್ಕೆ ಕೊಡೋ ಮಾತು. ಆ ಮಾತು ಉಳಿಸೋರು ಯಾರು?

ಊರ ಮನೆಗೆ ಸಾಗರದ ಗುಡಿಗಾರರು ಕೆತ್ತಿದ ಸಾಗುವಾನಿ ದೇವರ ಮಂಟಪ ಬಂದಾಗ ನಾನು ಎಣ್ಣೆಯ ಗುಣಗಾನ ಶುರು ಮಾಡಿದ್ದೆ. ಅಮ್ಮ ಕೇಳಿದ್ದು ಒಂದೇ: “ವರ್ಷ ವರ್ಷ ಹಚ್ಚೋರು ಯಾರೋ ಮಾರಾಯಾ?” ದೀಪದ ಮಸಿ ಒರೆಸೋಳು ಅವಳು, ಮಂಡಿ ನೋವೂ ಅವಳದೇ. ಚಂದ ನನ್ನದು, ಚಾಕರಿ ಅವಳದು.

ಆಫೀಸಲ್ಲೂ ಇದೇ ಕತೆ. ಡಿಸೈನ್ ಮಾಡಿದವನು ಬೇರೆ ಟೀಮ್ ಸೇರಿರ್ತಾನೆ. ರಾತ್ರಿ 2 ಗಂಟೆಗೆ ಫೋನ್ ಬಡ್ಕೊಳ್ಳೋದು ಇನ್ಯಾರದ್ದೋ.

ಹಾಗಂತ ಪಿಯು ಹೊಡೆಸಿ ಕೈತೊಳೆದುಕೊಳ್ಳೋದೇ ಮೇಲು ಅಂತಲೂ ಅಲ್ಲ. ಆರೈಕೆ ಕೇಳದ ವಸ್ತುವನ್ನ ನಾವು ನಿಧಾನಕ್ಕೆ ನೋಡೋದನ್ನೇ ಬಿಡ್ತೀವಿ. ಕೈಯಾಡಿಸಿದಾಗಲೇ ಎಲ್ಲಿ ಬಿರುಕು, ಎಲ್ಲಿ ಹುಳ ಅಂತ ಗೊತ್ತಾಗೋದು. ಆದರೆ ಆಯ್ಕೆಯ ಹಕ್ಕು ಬಟ್ಟೆ ಹಿಡಿಯೋ ಕೈಯದು. ಎಣ್ಣೆಯೇ ಬೇಕು ಅಂದರೆ ವರ್ಷಕ್ಕೆ ಎರಡು ದಿನ ನನ್ನ ರಜೆ ಹೋಗಬೇಕು. ಅದಾಗಲ್ಲ ಅಂದರೆ ಪಿಯು ಹೊಡೆಸೋದೇ ಪ್ರಾಮಾಣಿಕತೆ.

ಇನ್ನೊಂದು, ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಒಣಗುವಾಗ ಹುಟ್ಟೋ ಬಿಸಿಗೆ ಅದು ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ, ಪೂರ್ತಿ ಒಣಗಿದ ಮೇಲೆ ನೀವೇ ಎತ್ತಿ ಹಾಕಿ.