ಸೂಲಗಿತ್ತಿಯರ ದೈವಭಯ

‘ದೇವರಿಗೆ ಹೆದರಿ ನಡೆ’ ಎಂಬ ಮಾತು ನನ್ನ ವಾರಿಗೆಯ ಓದುಗರಿಗೆ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಹೆದರಿಕೆಯಿಂದ ಹುಟ್ಟಿದ ಒಳ್ಳೆಯತನ ಬೆತ್ತದ ಮುಂದೆ ಕೈಕಟ್ಟಿ ನಿಂತ ಹುಡುಗನ ಶಿಸ್ತು, ಅಷ್ಟೇ ಎಂದು ವಾದಿಸುತ್ತೇವೆ. ಬೈಬಲ್ಲಿನ ‘ಜ್ಞಾನೋಕ್ತಿಗಳು’ ಮಾತ್ರ ತನ್ನ ಮೊದಲ ಅಧ್ಯಾಯದಲ್ಲೇ ದೈವಭಯವನ್ನು ಅರಿವಿನ ಬುಡದಲ್ಲಿ ಇಡುತ್ತದೆ. ಅರಿವು ಬಂದರೆ ಭಯ ಹೋಗುತ್ತದೆ ಎಂದು ಕಲಿತವರಿಗೆ ಇದು ತಲೆಕೆಳಗಾದ ಲೆಕ್ಕ.

ಮೂಲದ ‘ಯಿರಾ’ ಎಂಬ ಹೀಬ್ರೂ ಪದಕ್ಕೆ ಅಂಜಿಕೆ, ಪೂಜ್ಯಭಾವ ಎರಡೂ ಅರ್ಥಗಳಿವೆ. ‘ಭಯಭಕ್ತಿ’ ಎಂಬ ಜೋಡಿಪದ ಬಳಸುವ ನಮಗೆ ಇದು ವಿಚಿತ್ರ ಅನ್ನಿಸಬಾರದು. ಆದರೆ ನಿಘಂಟಿನಿಂದ ಈ ಪ್ರಶ್ನೆ ತೀರುವುದಿಲ್ಲ. ದೇವರಿಗೆ ಹೆದರಿದ ಮನುಷ್ಯರು ಏನು ಮಾಡುತ್ತಾರೆ ಎಂದು ನೋಡಬೇಕು.

ವಿಮೋಚನಕಾಂಡದ ಆರಂಭದಲ್ಲಿ ಐಗುಪ್ತದ ಫರೋಹ ಇಬ್ಬರು ಸೂಲಗಿತ್ತಿಯರನ್ನು ಕರೆಸುತ್ತಾನೆ. ಇಸ್ರೇಲ್ಯರ ಸಂತತಿ ಬೆಳೆಯುತ್ತಿರುವುದು ಅವನ ಚಿಂತೆ. ಹೆರಿಗೆಯಲ್ಲಿ ಗಂಡುಮಗು ಹುಟ್ಟಿದರೆ ಕೊಂದುಬಿಡಿ, ಹೆಣ್ಣಾದರೆ ಬಿಡಿ ಎಂಬುದು ಅಪ್ಪಣೆ. ಅವರು ಕೊಲ್ಲುವುದಿಲ್ಲ. ಕಾರಣವನ್ನು ಪಠ್ಯ ನೇರವಾಗಿ ಕೊಡುತ್ತದೆ: ಅವರು ದೇವರಿಗೆ ಹೆದರುತ್ತಿದ್ದರು. ಅಂದರೆ ಇಲ್ಲಿ ದೈವಭಯದ ಮೊದಲ ಫಲವೇ ಅವಿಧೇಯತೆ! ಬದುಕಿ ಉಳಿದ ಮಕ್ಕಳ ಸುದ್ದಿ ಕೇಳಿ ಫರೋಹ ಮತ್ತೆ ಕರೆಸಿದಾಗ, ಆ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗಿ ಮುಟ್ಟುವ ಮೊದಲೇ ಹೆತ್ತಿರುತ್ತಾರೆ ಎಂದು ಹೇಳಿ ಪಾರಾಗುತ್ತಾರೆ. ಸಂತ ಅಗಸ್ಟೀನನಿಗೆ ಈ ಸುಳ್ಳು ಬಹಳ ತೊಂದರೆ ಕೊಟ್ಟಿತ್ತು. ದೇವರು ಮೆಚ್ಚಿದ್ದು ಅವರ ಕರುಣೆಯನ್ನು, ಸುಳ್ಳನ್ನಲ್ಲ ಎಂದು ಆತ ವಾದಿಸಿದ. ಕೂದಲನ್ನು ಅಷ್ಟು ನವಿರಾಗಿ ಸೀಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇನ್ನೊಂದು ವಿಷಯವಿದೆ. ಈ ಕಥೆಯಲ್ಲಿ ಫರೋಹನಿಗೆ ಹೆಸರಿಲ್ಲ. ಯಾವ ಫರೋಹ ಎಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಸೂಲಗಿತ್ತಿಯರಿಗೆ ಮಾತ್ರ ಹೆಸರಿದೆ: ಶಿಪ್ರಾ, ಪೂವಾ. ಅವರು ಇಸ್ರೇಲ್ಯರೋ, ಇಸ್ರೇಲ್ಯರ ಬಾಣಂತನ ನೋಡುತ್ತಿದ್ದ ಐಗುಪ್ತದ ಹೆಂಗಸರೋ ಎಂಬುದು ಮೂಲದ ಪದಗಳಿಂದ ಖಚಿತವಾಗುವುದಿಲ್ಲ. ಎರಡನೆಯದು ನಿಜವಾಗಿದ್ದರೆ, ಅವರು ಉಳಿಸಿದ್ದು ಪರರ ಮಕ್ಕಳನ್ನು.

ಹಾಗಾದರೆ ವಿಧೇಯತೆ ಎಂದರೇನು? ಸಂಶೋಧನಾ ವಿದ್ಯಾರ್ಥಿಗೆ ಈ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ, ‘ಸರಿ ಸಾರ್’ ಎನ್ನುವುದರಲ್ಲೇ ನಮ್ಮ ಅರ್ಧ ಪಿಎಚ್‌.ಡಿ. ಮುಗಿದಿರುತ್ತದೆ. ಬೈಬಲ್ಲಿನ ಹೀಬ್ರೂವಿನಲ್ಲಿ ವಿಧೇಯತೆಯನ್ನು ಹೇಳುವ ಪದ ಸಾಮಾನ್ಯವಾಗಿ ‘ಶಮಾ’. ಅದರ ಮೂಲಾರ್ಥ ಕಿವಿಗೊಡುವುದು. ನಮ್ಮಲ್ಲೂ ಹಾಗೆಯೇ, ‘ಮಗ ಮಾತು ಕೇಳುವುದಿಲ್ಲ’ ಎಂದರೆ ಅವನು ಕಿವುಡ ಎಂದಲ್ಲ. ಕನ್ನಡದ ‘ಕೇಳು’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರಶ್ನಿಸುವುದನ್ನೂ ಒಳಗೆ ಸೇರಿಸಿಕೊಂಡಿದೆ. ಗಿಬ್ಯೋನಿನಲ್ಲಿ ಕನಸಿನೊಳಗೆ ದೇವರು ಏನು ಬೇಕು ಎಂದಾಗ ಸೊಲೊಮೋನ ಬೇಡಿದ್ದು, ಮೂಲದ ಪದಗಳಲ್ಲಿ, ಕೇಳುವ ಹೃದಯವನ್ನು. ಅದೇ ಸೊಲೊಮೋನ ಮುಂದೆ ದೇವಾಲಯ ಕಟ್ಟಲು 30,000 ಜನರನ್ನು ಬಿಟ್ಟಿ ದುಡಿಮೆಗೆ ಹಿಡಿದ ಎಂಬುದೂ ಅದೇ ಗ್ರಂಥದಲ್ಲಿದೆ. ಅವನು ತೀರಿಕೊಂಡ ಮೇಲೆ ಜನ ಅವನ ಮಗ ರೆಹಬ್ಬಾಮನಲ್ಲಿಗೆ ಬಂದು ನೊಗ ಹಗುರ ಮಾಡು ಎಂದರು. ಹಿರಿಯರೂ ಅದನ್ನೇ ಹೇಳಿದರು. ಅವನು ಕೇಳಲಿಲ್ಲ, ರಾಜ್ಯ ಎರಡಾಯಿತು.

ಇಷ್ಟರ ಮೇಲೆ ದೈವಭಯವೆಂದರೆ ದೊರೆಗಳ ಭಯದಿಂದ ಬಿಡುಗಡೆ ಎಂದು ಬರೆದು ಮುಗಿಸುವುದು ನನಗೆ ಅನುಕೂಲ. ಆದರೆ ಅಬ್ರಹಾಮ ಅಡ್ಡ ಬರುತ್ತಾನೆ. ಸೊದೋಮ್ ಪಟ್ಟಣವನ್ನು ಉಳಿಸಲು ದೇವರೊಡನೆ ಐವತ್ತು ನೀತಿವಂತರಿಂದ ಹತ್ತರವರೆಗೆ ಚೌಕಾಶಿ ಮಾಡಿದವನು, ಸ್ವಂತ ಮಗನನ್ನು ಬಲಿಕೊಡು ಎಂದಾಗ ಒಂದು ಮಾತೂ ಆಡದೆ ಕತ್ತೆಗೆ ತಡಿ ಹಾಕುತ್ತಾನೆ. ಕಡೆಯಲ್ಲಿ ಕೈ ತಡೆದ ದೂತನೂ ಅದನ್ನು ದೈವಭಯ ಎಂದೇ ಕರೆಯುತ್ತಾನೆ. ಸೂಲಗಿತ್ತಿಯರದ್ದಕ್ಕೆ ಇಟ್ಟ ಹೆಸರೇ ಇದಕ್ಕೂ! 1843ರಲ್ಲಿ ಕಿರ್ಕೆಗಾರ್ಡ್ ಈ ಮೌನದ ಬಗ್ಗೆಯೇ ಒಂದಿಡೀ ಪುಸ್ತಕ ಬರೆದ, ಆದರೂ ನನ್ನ ತಳಮಳ ತಗ್ಗಿಲ್ಲ. ದೇವರ ದನಿ ಕೇಳಿಸಿತೆಂದು ಕತ್ತಿ ಎತ್ತುವವನನ್ನು ಯಾವ ಅಳತೆಗೋಲಿನಿಂದ ಅಳೆಯುವುದು? ಶಿಪ್ರಾ, ಪೂವಾ ಅವರ ಕೈಯಲ್ಲಿ ಮಗು ಉಳಿಯಿತು ಎಂಬುದನ್ನೇ ನಾನು ಹಿಡಿದುಕೊಂಡಿದ್ದೇನೆ.

ಆ ಬೆಟ್ಟದ ದಾರಿಯಲ್ಲಿ ಪ್ರಶ್ನೆ ಕೇಳಿದವನು ಇಸಾಕನೊಬ್ಬನೇ. ಬಲಿಗೆ ಕುರಿ ಎಲ್ಲಿ ಎಂದು ಅವನು ಅಪ್ಪನನ್ನು ಕೇಳಿದ್ದ.